ಹೆಂಚಿನ ಮನೆಗೆ ಲಕ್ಷ ರೂಪಾಯಿಯ ಸೌಂಡ್‌ಬಾರ್ ಹಾಕಬಹುದಾ?

ಹೆಂಚಿನಮನೆ (ಒಂಟಿಕೊಪ್ಪಲು, ಮೈಸೂರು)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಓದಿ ಓದಿ ತಲೆ ಕೆಟ್ಟಿದೆ. ಇಲ್ಲಿ ಕೇಳುವುದೇ ವಾಸಿ ಅನ್ನಿಸಿತು.

ನಮ್ಮದು ತಾತ ಕಟ್ಟಿಸಿದ ಮನೆ. ಹಾಲ್‌ಗೆ ಮಂಗಳೂರು ಹೆಂಚು, ಕೆಳಗೆ ರೆಡ್ ಆಕ್ಸೈಡ್ ನೆಲ. ಅಗಲ 12 ಅಡಿ, ಉದ್ದ 18. ಎಡಕ್ಕೆ ಪೂರ್ತಿ ಗೋಡೆ ಇದೆ. ಬಲಕ್ಕೆ ಅರ್ಧ ಗೋಡೆ, ಉಳಿದರ್ಧ ಊಟದ ಮನೆಗೆ ತೆರೆದಿದೆ. 55 ಇಂಚಿನ ಟಿವಿ ಮೇಜಿನ ಮೇಲೆ ಕೂತಿದೆ.

ಸಮಸ್ಯೆ ಇಷ್ಟು: ಮಾತು ಕೇಳುವುದಿಲ್ಲ. ಹೀರೋ ಪಿಸುಗುಟ್ಟುವಾಗ ವಾಲ್ಯೂಮ್ 40 ಇಟ್ಟಿರುತ್ತೇವೆ, ಫೈಟ್ ಬಂತು ಅಂದರೆ ಓಡಿಹೋಗಿ 15ಕ್ಕೆ ಇಳಿಸಬೇಕು. ಅಮ್ಮನಿಗೆ 71 ವರ್ಷ. ಸೀರಿಯಲ್ ನೋಡುತ್ತಾ ನಿಮಿಷಕ್ಕೊಮ್ಮೆ "ಏನಂದ್ಲು? ಏನಂದ್ಲು?" ಅಂತ ಕೇಳುತ್ತಾರೆ. ನನ್ನ ಆಸೆ ಬೇರೆ, ಮುಚ್ಚಿಡುವುದು ಯಾಕೆ? ಊರಿನ ಹಳೇ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಶಾಂತಲಾ ಹೋಯಿತು, ಲಕ್ಷ್ಮಿ ಹೋಯಿತು. ಇನ್ನು ಮನೆಯಲ್ಲೇ ಒಂದು ಟಾಕೀಸು ಆಗಲಿ ಅಂತ.

ಬಜೆಟ್ ಒಂದು ಲಕ್ಷ. ಟಿವಿ ಕೆಳಗೆ ಇಡುವ ಉದ್ದನೆ ಸ್ಪೀಕರ್, ಅದೇ ಸೌಂಡ್‌ಬಾರ್, ತರೋಣ ಅಂತ. ನೋಡಿಟ್ಟಿರುವುದು ಸ್ಯಾಮ್‌ಸಂಗ್ ಕ್ಯೂ990 ಸಾಲಿನದು, ಸೋನೋಸ್ ಆರ್ಕ್. ಸೆನ್‌ಹೈಸರ್ ಆಂಬಿಯೋ ಕೂಡ ಪಟ್ಟಿಯಲ್ಲಿದೆ, ಆದರೆ ಅದು ಸುಮ್ನೆ ಆಸೆಗೆ ಬರೆದದ್ದು. ಯಾವುದು ತಗೊಳ್ಳಲಿ?

ಬಾಲ್ಕನಿ ಟಿಕೆಟ್

ಕ್ಯೂ990. ಕಣ್ಮುಚ್ಚಿ ತಗೊಳ್ಳಿ. 11.1.4, ಒಟ್ಟು ಇಪ್ಪತ್ತಕ್ಕೂ ಹೆಚ್ಚು ಸ್ಪೀಕರ್, ಹಿಂದಕ್ಕೆ ಎರಡು, ಬೇಸ್‌ಗೆ ಸಬ್‌ವೂಫರ್ ಬೇರೆ. ಎಲ್ಲಾ ಒಂದೇ ಡಬ್ಬದಲ್ಲಿ ಬರುತ್ತದೆ. ಮುಂದಿನ ಪ್ರಶ್ನೆ?

ವೈರ್‌ಮ್ಯಾನ್ (ಮಂಡ್ಯ)

ಕಣ್ಮುಚ್ಚಿ ಬೇಡ ಸಾರ್. ಸ್ವಲ್ಪ ಕಣ್ಣು ಬಿಟ್ಟು ತಲೆ ಎತ್ತಿ ಸೂರು ನೋಡಿ.

ನಾನು ಹದಿನಾಲ್ಕು ವರ್ಷದಿಂದ ಮನೆ ವೈರಿಂಗ್ ಮಾಡುತ್ತಿದ್ದೇನೆ, ಈಗ ಐದಾರು ವರ್ಷದಿಂದ ಟಿವಿ, ಸೌಂಡ್‌ಬಾರ್ ಕೂಡಿಸುವ ಕೆಲಸವೂ ಇದೆ. 11.1.4 ಅಂತಾರಲ್ಲ, ಅದರಲ್ಲಿ 11 ಸುತ್ತಲಿನ ಸದ್ದಿನ ಚಾನೆಲ್, 1 ಸಬ್‌ವೂಫರ್, ಕೊನೆಯ 4 ಅಂದರೆ ಮೇಲಕ್ಕೆ ಮುಖ ಮಾಡಿದ ನಾಲ್ಕು ಸ್ಪೀಕರ್. ಮಳೆ, ಹೆಲಿಕಾಪ್ಟರ್ ಸದ್ದು ತಲೆ ಮೇಲಿನಿಂದ ಬಂದ ಹಾಗೆ ಕೇಳಬೇಕಾದರೆ ಆ ಸದ್ದು ಸೂರಿಗೆ ಬಡಿದು ನೀವು ಕೂತ ಕಡೆಗೇ ಬೀಳಬೇಕು. ಕೇರಂ ಆಟದಲ್ಲಿ ಸ್ಟ್ರೈಕರ್ ಪಟ್ಟಿಗೆ ಹೊಡೆದು ವಾಪಸ್ ಬರುತ್ತದಲ್ಲ, ಹಾಗೆ. ಪಟ್ಟಿ ನೆಟ್ಟಗಿದ್ದರೆ ತಾನೇ ಲೆಕ್ಕ ಸರಿ ಬರುವುದು?

ಹೀಗೆ ತಲೆ ಮೇಲಿನಿಂದಲೂ ಸದ್ದು ಕೇಳಿಸುವ ತಂತ್ರಕ್ಕೆ ಅಟ್ಮಾಸ್ ಅಂತ ಹೆಸರು. ಅದನ್ನು ಮಾಡಿದ ಡಾಲ್ಬಿ ಕಂಪನಿಯವರೇ ಹೇಳುವುದು ಸೂರು ಸಪಾಟಾಗಿರಬೇಕು, ಸದ್ದನ್ನು ವಾಪಸ್ ಕೊಡುವ ಗಟ್ಟಿ ವಸ್ತುವಿನದಾಗಿರಬೇಕು, ಎತ್ತರ ಏಳೂವರೆಯಿಂದ 12 ಅಡಿಯೊಳಗೆ ಇದ್ದರೆ ಒಳ್ಳೆಯದು ಅಂತ. ನಿಮ್ಮದು ಇಳಿಜಾರು ಹೆಂಚು. ಕೆಳಗೆ ರೀಪು, ಪಕ್ಕಾಸು. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಸದ್ದು ಅಲ್ಲಿಗೆ ಹೋಗಿ ಚೆಲ್ಲಾಪಿಲ್ಲಿ ಆಗುತ್ತದೆ, ಸ್ವಲ್ಪ ಹೊರಗೂ ಹೋಗುತ್ತದೆ. ಪಕ್ಕದ ಮನೆಯವರಿಗೆ ಅಟ್ಮಾಸ್, ನಿಮಗೆ ಕರೆಂಟ್ ಬಿಲ್ಲು.

ಇನ್ನೊಂದು. ಬಲಗಡೆ ಗೋಡೆ ಅರ್ಧ ಇಲ್ಲ ಅಂದಿರಿ. ಪಕ್ಕಕ್ಕೆ ಹೊಡೆಯುವ ಸ್ಪೀಕರಿಗೂ ಗೋಡೆ ಬೇಕು. ಎಡಗಡೆ ಸದ್ದು ಬಡಿದು ಬರುತ್ತದೆ, ಬಲಗಡೆಯದು ಊಟದ ಮನೆಗೆ ಹೋಗಿ ಅಲ್ಲೇ ಕೂರುತ್ತದೆ.

ಬಾಲ್ಕನಿ ಟಿಕೆಟ್

ಸರಿ ಒಪ್ಪಿದೆ. ನಮ್ಮದು ಅಪಾರ್ಟ್‌ಮೆಂಟು, ಹತ್ತಡಿಗೆ ಸ್ಲ್ಯಾಬ್. ಹೆಂಚಿನ ವಿಚಾರ ತಲೆಗೇ ಬರಲಿಲ್ಲ.

ರಿಸೀವರ್ ರಾಜ

ಸೌಂಡ್‌ಬಾರೇ ತಪ್ಪು ದಾರಿ ಸ್ವಾಮಿ. ಲಕ್ಷಕ್ಕೆ ಒಳ್ಳೆಯ ಎವಿ ರಿಸೀವರ್ (ಎಲ್ಲಾ ಸ್ಪೀಕರಿಗೂ ಸದ್ದು ಹಂಚುವ ಆಂಪ್ಲಿಫೈಯರ್ ಡಬ್ಬ), ಐದು ಸ್ಪೀಕರ್, ಒಂದು ಸಬ್‌ವೂಫರ್ ಬರುತ್ತದೆ. ಗೋಡೆಗೆ ಬಡಿಸಿ ವಾಪಸ್ ತರಿಸುವ ಕಣ್ಕಟ್ಟೇ ಬೇಡ. ಸ್ಪೀಕರ್ ಎಲ್ಲಿ ಇಡುತ್ತೀರೋ ಸದ್ದು ಅಲ್ಲಿಂದಲೇ ಬರುತ್ತದೆ. ಒಂದು ಸ್ಪೀಕರ್ ಹಾಳಾದರೆ ಅದೊಂದನ್ನೇ ಬದಲಾಯಿಸಬಹುದು. ಬಾರ್‌ನ ಬೋರ್ಡ್ ಹೋದರೆ ಪೂರ್ತಿ ಬಾರೇ ಹೋದಂತೆ. ನನ್ನ ಮೊದಲ ಬಾರ್ ಎರಡನೇ ವರ್ಷ ಮುಗಿಯುವ ಮೊದಲೇ ಸತ್ತಿತು. ಕಂಪನಿ ಹೆಸರು ಬೇಡ. ರಿಪೇರಿಗೆ ಹೇಳಿದ ಬೆಲೆಯಲ್ಲಿ ಹೊಸದೇ ಬರುತ್ತಿತ್ತು.

ಹೆಂಚಿನಮನೆ

ರಾಜರೇ, ಮಾತು ಸರಿ. ಆದರೆ ಹಿಂದಿನ ಸ್ಪೀಕರಿಗೆ ವೈರ್ ಎಲ್ಲಿ ಎಳೆಯುವುದು? ರೆಡ್ ಆಕ್ಸೈಡ್ ನೆಲ ಒಮ್ಮೆ ಅಗೆದರೆ ಮತ್ತೆ ಹಾಗೆ ಮಾಡುವವರು ಸಿಗುವುದಿಲ್ಲ. ತಾತನ ಕಾಲದ ನೆಲ, ಕನ್ನಡಿ ಹಾಗಿದೆ. ಅಮ್ಮ ಇವತ್ತಿಗೂ ತಿಂಗಳಿಗೊಮ್ಮೆ ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸುತ್ತಾರೆ. ಅದರ ಮೇಲೆ ವೈರ್ ಬಿಟ್ಟರೆ ನಾನೇ ಮನೆಯಿಂದ ಹೊರಗೆ.

ವಾಲ್ವ್ ರೇಡಿಯೊ (ಯಾದವಗಿರಿ)

ಹೆಂಚಿನಮನೆಯವರೇ, ನಾನು ರೇಡಿಯೊ ರಿಪೇರಿ ಮಾಡಿ ಬದುಕಿದವನು, ಈಗ ನಿವೃತ್ತ. ನೀವು ಎರಡು ಬೇರೆ ಬೇರೆ ಸಮಸ್ಯೆಗಳನ್ನು ಒಂದೇ ಚೀಲಕ್ಕೆ ಹಾಕಿದ್ದೀರಿ. ಅಮ್ಮನಿಗೆ ಬೇಕಾದದ್ದು ಮಾತು. ನಿಮಗೆ ಬೇಕಾದದ್ದು ಟಾಕೀಸು.

ಮಾತಿನ ವಿಚಾರ ಮೊದಲು. ಹಳೇ ಟೆಲಿಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತಿತ್ತು. ಅಷ್ಟರಲ್ಲೇ ಮಾತು ಸ್ಪಷ್ಟವಾಗಿ ತಿಳಿಯುತ್ತಿತ್ತು ಅಲ್ವಾ? ಮಾತಿಗೆ ಗುಡುಗು ಬೇಡ, ಆ ನಡುವಿನ ಸ್ವರ ಮುಂದೆ ಬರಬೇಕು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನಲ್ಲಿ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಆಗಿನ ಸೆಟ್ಟುಗಳಲ್ಲಿ ಇರುತ್ತಿದ್ದದ್ದು ಸಾಮಾನ್ಯವಾಗಿ ಒಂದೇ ಸ್ಪೀಕರ್. ಅದು ಕೇಳುವವರ ಕಡೆಗೆ ಮುಖ ಮಾಡಿ ಕೂತಿರುತ್ತಿತ್ತು. ಈಗಿನ ತೆಳ್ಳನೆ ಟಿವಿಯಲ್ಲಿ ಸ್ಪೀಕರು ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತದೆ. ನಮ್ಮ ಕಡೆ ಬೆನ್ನು ತಿರುಗಿಸಿ ಮಾತಾಡಿದರೆ ಯಾರ ಮಾತು ತಾನೇ ಕೇಳುತ್ತದೆ?

ಹಾಗಾಗಿ ಬಾರ್ ಯಾವುದಾದರೂ ಇರಲಿ, ಸೆಂಟರ್ ಚಾನೆಲ್‌ಗೆ, ಅಂದರೆ ಪರದೆಯ ನಡುವಿನಿಂದ ಬರುವ ಸದ್ದಿಗೆ, ಪ್ರತ್ಯೇಕ ಸ್ಪೀಕರ್ ಇದೆಯಾ, ಅದರ ಮಟ್ಟವನ್ನು ಬೇರೆಯಾಗಿ ಏರಿಸಲು ಆಗುತ್ತದಾ, ಅದನ್ನು ಮೊದಲು ಕೇಳಿ. ಸಿನಿಮಾದ ಮಾತು ಬಹುಪಾಲು ಸೆಂಟರ್‌ನಲ್ಲೇ ಬರುವುದು. ನೈಟ್ ಮೋಡ್ ಅಂತ ಒಂದು ಇರುತ್ತದೆ, ಅದು ಜೋರು ಸದ್ದನ್ನು ಇಳಿಸಿ ಸಣ್ಣ ಸದ್ದನ್ನು ಏರಿಸುತ್ತದೆ. ನಿಮ್ಮ 40-15 ಓಟ ಅದರಿಂದಲೇ ಅರ್ಧ ನಿಲ್ಲುತ್ತದೆ.

ಈಗ ಒಂದು ಕೆಲಸ ಮಾಡಿ. ಅಮ್ಮ ಕೂರುವ ಜಾಗದಲ್ಲಿ ನಿಂತು ಜೋರಾಗಿ ಒಂದೇ ಒಂದು ಚಪ್ಪಾಳೆ ತಟ್ಟಿ. ಏನು ಕೇಳಿಸಿತು ಬರೆಯಿರಿ.

ಹೆಂಚಿನಮನೆ

ತಟ್ಟಿದೆ. ಟಪ್ ಅಂದ ಮೇಲೆ ಸಣ್ಣದಾಗಿ ಟರ್ರ್ ಅಂತ ಬಾಲ ಬರುತ್ತದೆ. ಅಮ್ಮ ಅಡುಗೆ ಮನೆಯಿಂದ "ಹಲ್ಲಿ ಓಡಿಸ್ತಿದ್ದೀಯಾ?" ಅಂದರು.

ವಾಲ್ವ್ ರೇಡಿಯೊ (ಯಾದವಗಿರಿ)

ಆ ಬಾಲವೇ ಕಳ್ಳ. ಬರೀ ಗೋಡೆ, ಬರೀ ನೆಲ, ನಡುವೆ ಸದ್ದು ಚೆಂಡಾಟ ಆಡುತ್ತಿದೆ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ನೆಲಕ್ಕೆ ದಪ್ಪ ಜಮಖಾನ ಹಾಸಿ, ಎಡಗಡೆ ಗೋಡೆಗೆ ಪುಸ್ತಕದ ಕಪಾಟೋ ದಪ್ಪ ಪರದೆಯೋ ಇರಲಿ. ಬಾರ್ ತರುವ ಮೊದಲೇ ಮಾಡಿ.

ಎರಡನೇ ಮಹಡಿ (ವಿಜಯನಗರ, ಮೈಸೂರು)

ನಾನು ಹೋದ ವರ್ಷ ಕ್ಯೂ990 ಸಾಲಿನ ಹಿಂದಿನ ಮಾಡೆಲ್ ತಗೊಂಡೆ. ಹೊಸದು ಬಂದಾಗ ಹಳೆಯದರ ಬೆಲೆ ಚೆನ್ನಾಗಿ ಇಳಿಯುತ್ತದೆ, ಕಾಯುವ ತಾಳ್ಮೆ ಇರಬೇಕು ಅಷ್ಟೇ. ನಮ್ಮದು ಸ್ಲ್ಯಾಬ್ ಸೂರು, ಎರಡೂ ಕಡೆ ಗೋಡೆ. ನಿಜ ಹೇಳುತ್ತೇನೆ, ಮೊದಲ ರಾತ್ರಿ ಮಳೆಯ ದೃಶ್ಯ ಬಂದಾಗ ಬಟ್ಟೆ ಒಣಗಿ ಹಾಕಿದ್ದು ನೆನಪಾಗಿ ನನ್ನ ಹೆಂಡತಿ ಎದ್ದು ಬಾಲ್ಕನಿಗೆ ಹೋದಳು. ಅಷ್ಟು ಚೆನ್ನಾಗಿ ಮೇಲಿನಿಂದ ಬರುತ್ತದೆ.

ಆದರೆ ಕೆಲವು ಮಾತು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಾರ್ ಹತ್ತಿರ ಹತ್ತಿರ 123 ಸೆಂ.ಮೀ. ಉದ್ದ, ಅಂದರೆ 55 ಇಂಚಿನ ಟಿವಿಯಷ್ಟೇ. ಮೇಜು ಅಳೆದುಕೊಳ್ಳಿ. ಆಂಬಿಯೋ ದೊಡ್ಡದು ಇನ್ನೂ ಉದ್ದ, ಎತ್ತರ ಹದಿಮೂರೂವರೆ ಸೆಂ.ಮೀ., ತೂಕ 18 ಕಿಲೋ ದಾಟುತ್ತದೆ. ಟಿವಿ ಕಾಲಿನ ಮುಂದೆ ಇಟ್ಟರೆ ಪರದೆಯ ಕೆಳಭಾಗವೇ ಮುಚ್ಚಿಹೋಗುತ್ತದೆ, ಸಬ್‌ಟೈಟಲ್ ಕಾಣುವುದಿಲ್ಲ. ಆಮೇಲೆ "ವೈರ್‌ಲೆಸ್" ಹಿಂದಿನ ಸ್ಪೀಕರ್ ಅಂದರೆ ಬಾರ್‌ಗೆ ವೈರ್ ಬೇಡ ಅಂತ ಅಷ್ಟೇ. ಒಂದೊಂದಕ್ಕೂ ಕರೆಂಟು ಪ್ಲಗ್ ಬೇಕೇ ಬೇಕು. ಸೋಫಾ ಹಿಂದೆ ಪ್ಲಗ್ ಇದೆಯಾ ನಿಮಗೆ?

ಹೆಂಚಿನಮನೆ

ಇಲ್ಲ. ಹಾಲ್‌ಗೆಲ್ಲಾ ಇರುವುದು ಎರಡೇ ಪ್ಲಗ್, ಎರಡೂ ಟಿವಿ ಕಡೆ.

ವೈರ್‌ಮ್ಯಾನ್ (ಮಂಡ್ಯ)

ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗೋಡೆಯ ಬುಡದಲ್ಲಿ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆದು ಲೈನ್ ಎಳೆದರೆ ಅರ್ಧ ದಿನದ ಕೆಲಸ, ನೆಲ ಮುಟ್ಟುವ ಹಾಗೇ ಇಲ್ಲ. ಸೋಫಾ ಹಿಂದೆ ಅರ್ಥಿಂಗ್ ಇರುವ ಎರಡು ಪ್ಲಗ್ ಕೂಡಿಸಿ. ಹಳೇ ಮನೆ ಅಂದಿರಿ, ಅರ್ಥಿಂಗ್ ಇದೆಯಾ ಅಂತ ಮೊದಲು ಟೆಸ್ಟ್ ಮಾಡಿಸಿ. ಇಲ್ಲದಿದ್ದರೆ ಗುಂಯ್ ಅಂತ ಹಮ್ ಬರುವುದುಂಟು, ಅದು ಹಾಗಿರಲಿ, ಜೀವಕ್ಕೇ ಅಪಾಯ.

ಕಬ್ಬಿನಗದ್ದೆ (ಪಾಂಡವಪುರ ಕಡೆ)

ನನ್ನದೂ ಎರಡು ಮಾತು ಸೇರಿಸುತ್ತೇನೆ. ನಮ್ಮ ಹಳ್ಳಿ ಮನೆಯಲ್ಲಿ ವೋಲ್ಟೇಜ್ ಉಯ್ಯಾಲೆ ಆಡುತ್ತದೆ. ಪಂಪ್‌ಸೆಟ್ ಶುರುವಾದರೆ ಬಲ್ಬ್ ಮಂಕು, ನಿಂತರೆ ಪ್ರಕಾಶ. ಬಾರ್‌ಗೂ ಟಿವಿಗೂ ಸೇರಿಸಿ ಒಂದು ಸ್ಟೆಬಿಲೈಸರ್ ಹಾಕಿದ್ದೇನೆ, ಗುಡುಗು ಬಂದರೆ ಪ್ಲಗ್ಗೇ ಕೀಳುತ್ತೇನೆ.

ಮತ್ತೆ ವಾಟ್ಸ್ ನೋಡಿ ಮರುಳಾಗಬೇಡಿ. 500 ವಾಟ್ಸಿಗೂ 1000 ವಾಟ್ಸಿಗೂ ಇರುವುದು 3 ಡೆಸಿಬಲ್ ವ್ಯತ್ಯಾಸ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ಸ್ ಬೇಕು. ನನ್ನ ತಮ್ಮ ಜಾತ್ರೆಯಲ್ಲಿ ಪಿಎಂಪಿಒ 5000 ವಾಟ್ಸ್ ಅಂತ ಬರೆದ ಡಬ್ಬ ತಂದಿದ್ದ. ಆಲೆಮನೆ ಎಂಜಿನ್ ಸದ್ದಿನ ಮುಂದೆ ಅದು ಸೊಳ್ಳೆ.

ಹೆಂಚಿನಮನೆ

ಈ ಭಾನುವಾರ ಡಿ. ದೇವರಾಜ ಅರಸು ರಸ್ತೆಗೆ ಹೋಗಿ ಡೆಮೊ ಕೇಳಿ ಬಂದೆ. ಯಾವ ಅಂಗಡಿ ಅಂತ ಕೇಳಬೇಡಿ.

ಗಾಜಿನ ಬಾಗಿಲ ಹಿಂದೆ ಸಣ್ಣ ಕೋಣೆ, ನೆಲಕ್ಕೆ ಕಾರ್ಪೆಟ್, ಸಪಾಟು ಸೂರು. ಹುಡುಗ ತನ್ನ ಫೋನ್ ತೆಗೆದು ಬ್ಲೂಟೂತ್‌ಗೆ ಹಾಕಿದ. ಯೂಟ್ಯೂಬ್‌ನಲ್ಲಿ ಅಟ್ಮಾಸ್ ಡೆಮೊ ಅಂತ ಎಲೆ ಉದುರುವ ವಿಡಿಯೊ. ಎಲೆ ಬಿದ್ದಾಗ ಧುಂ ಅಂತು. ನನ್ನ ಎದೆಯೇ ನಡುಗಿತು. ಎಲೆಗೆ ಅಷ್ಟು ತೂಕ ಇರುತ್ತದಾ ಅಂತ ಆಮೇಲೆ ಯೋಚನೆ ಬಂತು. "ಸಾರ್, ಇದೇ ಅಟ್ಮಾಸ್" ಅಂದ. ಆಗ ಬಾರ್ ಮೇಲಿನ ಸಣ್ಣ ಪರದೆಯಲ್ಲಿ ಬಿಟಿ ಅಂತ ಮಾತ್ರ ಬರುತ್ತಿತ್ತು. ಇದು ಸರಿಯಾ?

ರಿಸೀವರ್ ರಾಜ

ನೀವು ಕೇಳಿದ್ದು ಸ್ಟೀರಿಯೋ. ಬ್ಲೂಟೂತ್‌ನಲ್ಲಿ ಹೋಗುವುದು ಎರಡೇ ಚಾನೆಲ್. ಯೂಟ್ಯೂಬ್ ವಿಡಿಯೊದ ಹೆಸರಲ್ಲಿ ಅಟ್ಮಾಸ್ ಅಂತ ಬರೆದ ಮಾತ್ರಕ್ಕೆ ಅಟ್ಮಾಸ್ ಬರುವುದಿಲ್ಲ. ಆ ಧುಂ ಇದೆಯಲ್ಲ, ಸಬ್‌ವೂಫರ್ ಪೂರ್ತಿ ಏರಿಸಿದ್ದು. ಅಂಗಡಿಯಲ್ಲಿ ಬೇಸ್, ಮದುವೆಮನೆಯಲ್ಲಿ ಸೀರಿಯಲ್ ಲೈಟು. ಮೊದಲ ನೋಟಕ್ಕೆ ಎಲ್ಲಾ ಚೆಂದ.

ಮತ್ತೆ ಹೋಗಿ. ಟಿವಿಯಲ್ಲೇ ಇರುವ ಒಟಿಟಿ ಆ್ಯಪ್‌ನಿಂದ, ಎಚ್‌ಡಿಎಂಐ ಕೇಬಲ್‌ನಲ್ಲಿ ಕೇಳಿ. ಬಾರ್ ಪರದೆಯಲ್ಲಿ ಡಾಲ್ಬಿ ಅಟ್ಮಾಸ್ ಅಂತ ಬಂದರೆ ಮಾತ್ರ ಅದು ಅಟ್ಮಾಸ್. ಪಿಸಿಎಂ ಅಂತ ಬಂದರೆ ಟಿವಿಯೇ ಸದ್ದನ್ನು ಬಿಚ್ಚಿ ಕಳಿಸುತ್ತಿದೆ ಅಂತ ಅರ್ಥ, ಟಿವಿ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಾಸ್ ಥ್ರೂ ಅಥವಾ ಆಟೋಗೆ ಬದಲಾಯಿಸಬೇಕು. ಮನೆಗೆ ತಂದ ಮೇಲೂ ತುಂಬಾ ಜನ ಇಲ್ಲೇ ಎಡವುವುದು. ಲಕ್ಷದ ಬಾರ್‌ನಲ್ಲಿ ವರ್ಷಗಟ್ಟಲೆ ಸ್ಟೀರಿಯೋ ಕೇಳಿದವರನ್ನು ನೋಡಿದ್ದೇನೆ.

ಬಾಲ್ಕನಿ ಟಿಕೆಟ್

ಟಿವಿಯ ಸದ್ದನ್ನು ಬಾರ್‌ಗೆ ಕಳಿಸುವ ಎಚ್‌ಡಿಎಂಐ ಕಿಂಡಿ ಇ-ಆರ್ಕ್ ಅಲ್ಲದಿದ್ದರೆ? ನನ್ನ ಟಿವಿಯಲ್ಲಿರುವುದು ಹಳೇ ಬಗೆಯ ಬರೀ ಆರ್ಕ್ (ಸೋನೋಸ್ ಆರ್ಕ್ ಅಲ್ಲ).

ರಿಸೀವರ್ ರಾಜ

ಒಟಿಟಿಗೆ ಆರ್ಕ್ ಸಾಕು. ಅಲ್ಲಿ ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಕೂತು, ಅದನ್ನು ಆರ್ಕ್ ಸಾಗಿಸುತ್ತದೆ. ಟಿವಿಗೆ ಅಟ್ಮಾಸ್ ಕಳಿಸಲು ಬರಬೇಕು, ಅಷ್ಟೇ. ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿ, ಅಂದರೆ ಗುಣಮಟ್ಟ ಕಳೆಯದ ಡಾಲ್ಬಿ ಸದ್ದು, ಬೇಕಾದರೆ ಮಾತ್ರ ಇ-ಆರ್ಕ್, ಅಥವಾ ಪ್ಲೇಯರನ್ನು ನೇರ ಬಾರ್‌ನ ಎಚ್‌ಡಿಎಂಐಗೆ ಹಾಕಬೇಕು. ಕೆಂಪು ಬೆಳಕು ಬರುವ ಆಪ್ಟಿಕಲ್ ಕೇಬಲ್‌ನಲ್ಲಿ ಅಟ್ಮಾಸ್ ಬರುವುದೇ ಇಲ್ಲ, ಹೆಚ್ಚೆಂದರೆ 5.1, ಅಂದರೆ ಸುತ್ತಲಿನ ಐದು ಚಾನೆಲ್, ಒಂದು ಸಬ್‌ವೂಫರ್. ಇನ್ನೊಂದು, ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮಾಸ್ ಸಿಗುವುದು ಪ್ರೀಮಿಯಂ ಪ್ಲಾನ್‌ಗೆ ಮಾತ್ರ. ಅದರ ಖರ್ಚನ್ನೂ ಬಾರ್‌ನ ಲೆಕ್ಕಕ್ಕೆ ಸೇರಿಸಿ.

ಎರಡನೇ ಮಹಡಿ (ವಿಜಯನಗರ, ಮೈಸೂರು)

ಹೆಂಚಿನಮನೆಯವರೇ, ಸುಮ್ನೆ ಅಂಗಡಿ ಸುತ್ತಬೇಡಿ. ಒಂಟಿಕೊಪ್ಪಲು ನಮಗೆ ಹತ್ತು ನಿಮಿಷದ ದಾರಿ. ಶನಿವಾರ ನಮ್ಮ ಮನೆಗೆ ಬಂದು ಕೇಳಿ, ಕಾಫಿ ಕುಡಿಯಿರಿ, ಆಮೇಲೆ ಎಲ್ಲಾ ಡಿಕ್ಕಿಗೆ ಹಾಕಿಕೊಂಡು ನಿಮ್ಮ ಹಾಲ್‌ನಲ್ಲೇ ಹಚ್ಚೋಣ. ಎರಡು ದಿನ ಇರಲಿ. ಕ್ರಿಕೆಟ್ ಮ್ಯಾಚ್ ಇಲ್ಲದ ವಾರ, ನನಗೇನೂ ನಷ್ಟವಿಲ್ಲ.

ವೈರ್‌ಮ್ಯಾನ್ (ಮಂಡ್ಯ)

ಇಂಥ ಜನ ಇನ್ನೂ ಇದ್ದಾರಾ? ಸಬ್ ಇಡುವ ಜಾಗಕ್ಕೆ ಒಂದು ಉಪಾಯ ಹೇಳುತ್ತೇನೆ. ಸಬ್‌ವೂಫರನ್ನು ಸೋಫಾ ಮೇಲೆ, ನೀವು ಕೂರುವ ಜಾಗದಲ್ಲಿ ಇಡಿ. ಬೇಸ್ ಇರುವ ಹಾಡು ಹಾಕಿ ಗೋಡೆ ಬದಿಯಲ್ಲಿ ಅಂಬೆಗಾಲಿಟ್ಟು ಹೋಗಿ. ಎಲ್ಲಿ ಬೇಸ್ ಗದ್ದಲ ಮಾಡದೆ ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ನೋಡಿದವರು ನಗುತ್ತಾರೆ, ಬಾಗಿಲು ಹಾಕಿಕೊಳ್ಳಿ.

ಹೆಂಚಿನಮನೆ

ಎರಡು ದಿನದ ವರದಿ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ವಿಜಯನಗರದಲ್ಲಿ ಕೇಳಿದೆ. ಅವರು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿಲ್ಲ. ಹೆಲಿಕಾಪ್ಟರು ಬಾಗಿಲ ಕಡೆಯಿಂದ ಬಂದು ಫ್ಯಾನಿನ ಮೇಲೆ ಹಾದು ದೇವರ ಮನೆ ಕಡೆ ಹೋಯಿತು. ಕಣ್ಣು ಮುಚ್ಚಿ ಬೆರಳಲ್ಲಿ ತೋರಿಸಬಹುದಿತ್ತು. ದುಡ್ಡಿಗೆ ಬೆಲೆ ಇದೆ.

ಅದೇ ಸೆಟ್ಟು, ಅದೇ ದೃಶ್ಯ, ನಮ್ಮ ಹಾಲ್‌ನಲ್ಲಿ. ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಹಿಂದಿನ ಸ್ಪೀಕರ್ ಹಚ್ಚಿದೆವು. ಹೆಲಿಕಾಪ್ಟರು ಟಿವಿಯಿಂದ ಎದ್ದಿತು, ಎದ್ದ ಮೇಲೆ ಎಲ್ಲಿ ಹೋಯಿತು ಗೊತ್ತಿಲ್ಲ. ಪಕ್ಕಾಸಿನ ನಡುವೆ ಎಲ್ಲೋ ಕಳೆದುಹೋಯಿತು. ರಿಮೋಟ್‌ನಲ್ಲಿ ಮೇಲಿನ ಸ್ಪೀಕರ್ ಮಟ್ಟ ಪೂರ್ತಿ ಏರಿಸಿದೆವು, ಪೂರ್ತಿ ಇಳಿಸಿದೆವು. ಸೋಫಾದಲ್ಲಿ ಕೂತ ಮೂವರಲ್ಲಿ ಯಾರಿಗೂ ಯಾವಾಗ ಏರಿತು, ಯಾವಾಗ ಇಳಿಯಿತು ಅಂತ ಹೇಳಲು ಆಗಲಿಲ್ಲ. ಹಿಂದಿನ ಎರಡು ಸ್ಪೀಕರ್ ಮಾತ್ರ ತಮ್ಮ ಕೆಲಸ ಚೆನ್ನಾಗಿ ಮಾಡಿದವು. ಅವು ಗೋಡೆ ನಂಬಿಕೊಂಡಿಲ್ಲವಲ್ಲ.

ಬೇಸ್ ಬಂದಾಗ ಅಟ್ಟದ ಮೇಲಿನಿಂದ ಟಿಣ್ ಅಂತ ಒಂದು ಸದ್ದು. ಪ್ರತಿ ಸಲ ಒಂದೇ ಸ್ವರಕ್ಕೆ. ಸ್ಪೀಕರೇ ಹರಿದಿದೆ ಅಂತ ಎರಡನೇ ಮಹಡಿಯವರ ಮುಖ ಬಿಳಿಚಿಕೊಂಡಿತು. ಏಣಿ ಹತ್ತಿ ನೋಡಿದರೆ ಅಜ್ಜಿಯ ಹಿತ್ತಾಳೆ ಕೊಳದಪ್ಪಲೆ, ಅದರ ಮೇಲೆ ಮುಚ್ಚಿದ ತಟ್ಟೆ. ತಟ್ಟೆ ತೆಗೆದು ಬಟ್ಟೆ ಹಾಕಿದೆ, ನಿಂತಿತು. ಮೂಲೆಯಲ್ಲಿದ್ದ ಸಬ್ಬನ್ನು ಅಂಬೆಗಾಲಿನ ಲೆಕ್ಕದಂತೆ ಎಡ ಗೋಡೆಯ ನಡುವಿಗೆ ತಂದ ಮೇಲೆ ಬೀರುವಿನ ಬಾಗಿಲೂ ಸುಮ್ಮನಾಯಿತು. ಅಂಬೆಗಾಲಿಟ್ಟಿದ್ದು ನಾನು, ವಿಡಿಯೊ ಮಾಡಿದ್ದು ಮಗಳು.

ಇನ್ನು ಅಮ್ಮ. ಸಂಜೆ ಹುರುಳಿಕಾಯಿ ಸೋಸುತ್ತಾ ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಸೀರಿಯಲ್‌ಗೆ ಮೊದಲು ಹೋದ ದಸರೆಯ ಜಂಬೂಸವಾರಿ ಪ್ರಸಾರದ ತುಣುಕು ಹಾಕಿದೆ. ಬ್ಯಾಂಡು, ಜನರ ಕೂಗು, ನಡುವೆ ವೀಕ್ಷಕ ವಿವರಣೆ. ಮಾತು ಹೊರಗೆ ಬರಲು ಇದಕ್ಕಿಂತ ಕಷ್ಟದ ಪರೀಕ್ಷೆ ನನಗೆ ಹೊಳೆಯಲಿಲ್ಲ. ಸೆಂಟರ್ ನಾಲ್ಕು ಹೆಜ್ಜೆ ಏರಿಸಿದೆ, ನೆಲಕ್ಕೆ ಜಮಖಾನ ಹಾಸಿದ್ದೆ. ಮಾತು ಗುಂಪಿನಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತಿತು. ಆಮೇಲೆ ಸೀರಿಯಲ್ ಶುರುವಾಯಿತು. ಅರ್ಧ ಗಂಟೆಯಲ್ಲಿ ಅಮ್ಮ ಒಂದು ಸಲವೂ "ಏನಂದ್ಲು" ಅನ್ನಲಿಲ್ಲ. ಜಾಹೀರಾತಿನಲ್ಲಿ ಮಾತ್ರ "ಇವಳು ಇಷ್ಟು ಕೆಟ್ಟದಾಗಿ ಬೈತಿದ್ಲಾ? ಇಷ್ಟು ದಿನ ಕೇಳದೇ ಇದ್ದದ್ದೇ ಚೆನ್ನಾಗಿತ್ತು" ಅಂದರು.

ಬಾಲ್ಕನಿ ಟಿಕೆಟ್

ಹಾಗಾದ್ರೆ ಕ್ಯೂ990 ತಗೊಂಡ್ರಾ ಇಲ್ವಾ? ಅದು ಹೇಳಿ.

ಹೆಂಚಿನಮನೆ

ಇಲ್ಲ. ಕೆಲಸ ಮಾಡದ ನಾಲ್ಕು ಸ್ಪೀಕರಿಗೆ ದುಡ್ಡು ಕೊಡಲು ಮನಸ್ಸು ಬರಲಿಲ್ಲ. ಮೇಲೆ ಹೊಡೆಯುವ ಸ್ಪೀಕರೇ ಇಲ್ಲದ 5.1 ಒಂದು ತಂದೆ. ಸೆಂಟರ್‌ಗೆ ಪ್ರತ್ಯೇಕ ಸ್ಪೀಕರ್, ಸಬ್, ಹಿಂದಕ್ಕೆ ನಿಜವಾದ ಎರಡು ಸ್ಪೀಕರ್. ಬಜೆಟ್‌ನ ಅರ್ಧವೂ ಆಗಲಿಲ್ಲ. ಕಂಪನಿ ಹೆಸರು ಬರೆದರೆ ಇಲ್ಲಿ ಇನ್ನೊಂದು ಕುರುಕ್ಷೇತ್ರ ಶುರುವಾಗುತ್ತದೆ, ಬೇಡ. ವೈರ್‌ಮ್ಯಾನ್ ಅವರು ಮಂಡ್ಯದಿಂದ ರೈಲಿನಲ್ಲಿ ಬಂದು ಅರ್ಥಿಂಗ್ ನೋಡಿ, ಕೇಸಿಂಗ್ ಪಟ್ಟಿ ಹೊಡೆದು ಹೋದರು. ನೆಲಕ್ಕೆ ಒಂದು ಗೀರೂ ಬಿದ್ದಿಲ್ಲ. ಅಮ್ಮ ಅವರಿಗೆ ಎರಡನೇ ಸಲ ಉಪ್ಪಿಟ್ಟು ಬಡಿಸಿದರು.

ಕೊರತೆ ಇಲ್ಲವೆಂದಲ್ಲ. ವಿಜಯನಗರದ ಆ ಹೆಲಿಕಾಪ್ಟರ್ ಇನ್ನೂ ಕಿವಿಯಲ್ಲಿದೆ. ಸಬ್ ಕೂಡ ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಜೋರು ಮಾಡಿದರೆ ತುಸು ಗೊಗ್ಗರು.

ರಿಸೀವರ್ ರಾಜ

ರಿಸೀವರ್ ಆಗಿದ್ದರೆ ಸಬ್ ಒಂದನ್ನೇ ಬದಲಾಯಿಸಬಹುದಿತ್ತು. ಸುಮ್ನೆ ಹೇಳಿದೆ.

ಎರಡನೇ ಮಹಡಿ (ವಿಜಯನಗರ, ಮೈಸೂರು)

ಹೆಲಿಕಾಪ್ಟರ್ ಬೇಕಾದಾಗ ನಮ್ಮನೆಗೆ ಬನ್ನಿ. ನನ್ನ ಎಕ್ಸ್‌ಟೆನ್ಶನ್ ಬಾಕ್ಸ್ ನಿಮ್ಮ ಸೋಫಾ ಹಿಂದೆಯೇ ಉಳಿದಿದೆ, ಬರುವಾಗ ಅದನ್ನೂ ತನ್ನಿ.

ವಾಲ್ವ್ ರೇಡಿಯೊ (ಯಾದವಗಿರಿ)

ಮತ್ತೊಮ್ಮೆ ಚಪ್ಪಾಳೆ ತಟ್ಟಿ ನೋಡಿದಿರಾ?

ಹೆಂಚಿನಮನೆ

ತಟ್ಟಿದೆ ಸಾರ್. ಬಾಲ ಹೋಗಿದೆ. ಹಲ್ಲಿ ಮಾತ್ರ ಅಲ್ಲೇ ಇದೆ.